ಹೊಲ ದಾಟಿ ಕಾಡಿಗೆ: ಇಂಗ್ಲೆಂಡಿನಲ್ಲಿ ಕಾಲುದಾರಿ ಹಿಡಿಯುವ ಬಗೆ

ಮಗನ ಮನೆಗೋ ಮಗಳ ಮನೆಗೋ ಎಂದು ಇಂಗ್ಲೆಂಡಿಗೆ ಬಂದ ಹಿರಿಯರಿಗೆ ಅಲ್ಲಿಯ ಕಾಡು ತೋರಿಸುವ ಕ್ರಮ ಬಹುತೇಕ ಎಲ್ಲ ಮನೆಗಳಲ್ಲಿಯೂ ಒಂದೇ. ಭಾನುವಾರ ಹನ್ನೊಂದು ಗಂಟೆಗೆ ಕಾರು ಹೊರಡುತ್ತದೆ. ಕಾಡಿನಂಚಿನ ಕಾರ್ ಪಾರ್ಕಿನಲ್ಲಿ ಜಾಗ ಹುಡುಕುವುದರಲ್ಲಿ ಅರ್ಧ ಗಂಟೆ ಕಳೆಯುತ್ತದೆ. ಐಸ್‌ಕ್ರೀಂ ವ್ಯಾನಿನಿಂದ ಇನ್ನೂರು ಹೆಜ್ಜೆ ಒಳಗೆ ಹೋಗಿ, ನೀಲಿ ಹೂಗಳ ನಡುವೆ ನಿಂತು ಫೋಟೊ ತೆಗೆಸಿಕೊಂಡು, ಊರವರ ನಾಯಿಗಳ ಬೊಗಳಾಟ ಕೇಳಿಸಿಕೊಂಡು ಎಲ್ಲರೂ ಮರಳುತ್ತಾರೆ. ತೀರ್ಥಹಳ್ಳಿಯ ಕಡೆಯಿಂದ ಬಂದಿದ್ದ ನಮ್ಮ ಚಿಕ್ಕಪ್ಪನವರು ಇಂಥ ಒಂದು ಪ್ರವಾಸದ ಕೊನೆಯಲ್ಲಿ, "ಕಾಡಿಗೆ ಯಾವಾಗ ಹೋಗೋದು?" ಎಂದು ಕೇಳಿದ್ದರು. ನಿಶ್ಶಬ್ದವಾದ ಕಾಡುಗಳು ಅಲ್ಲಿ ಇವೆ. ಅವುಗಳ ಬಾಗಿಲಿಗೆ ಕಾರು ಹೋಗುವುದಿಲ್ಲ, ಅಷ್ಟೇ. ಹೊಲಗಳ ನಡುವಿನ ಕಾಲುದಾರಿ ಹಿಡಿದು ಅಲ್ಲಿಗೆ ತಲುಪುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಯಾವ ಕಾಡು, ಯಾವ ದಿನ

ಲಂಡನ್ ಸುತ್ತಮುತ್ತ ಇರುವವರು ಸಾಮಾನ್ಯವಾಗಿ ಬರ್ನಮ್ ಬೀಚಸ್‌ಗೆ ಅಥವಾ ಆಶ್‌ರಿಜ್‌ಗೆ ಹೋಗುತ್ತಾರೆ. ಎರಡೂ ಸೊಗಸಾದ ಕಾಡುಗಳೇ ಆದರೂ ವಸಂತದ ಭಾನುವಾರಗಳಲ್ಲಿ ಅಲ್ಲಿ ಜಾತ್ರೆ ನೆರೆದಿರುತ್ತದೆ. ಮೊದಲ ಸಲಕ್ಕೆ ನನ್ನ ಆಯ್ಕೆ ಚಿಲ್ಟರ್ನ್ ಬೆಟ್ಟಸಾಲಿನ ವೆಂಡೋವರ್. ಲಂಡನ್ನಿನ ಮೇರಿಲಬೋನ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಐವತ್ತು ನಿಮಿಷದ ದಾರಿ. ಇಳಿದಲ್ಲಿಂದಲೇ ನಡಿಗೆ ಆರಂಭ. ಏವ್‌ಬರಿಯ ಬಳಿಯಿಂದ ಐವಿಂಗೋ ಬೀಕನ್‌ವರೆಗೆ ಸುಮಾರು 139 ಕಿಲೋಮೀಟರ್ ಸಾಗುವ ರಿಜ್‌ವೇ ಎಂಬ ರಾಷ್ಟ್ರೀಯ ಕಾಲುದಾರಿ ಈ ಪೇಟೆಯ ನಡುವೆಯೇ ಹಾದು, ಸೇಂಟ್ ಮೇರಿ ಚರ್ಚಿನ ಪಕ್ಕದಿಂದ ಬೀಚ್ ಮರಗಳ ಏರು ಹತ್ತುತ್ತದೆ. ದಾರಿಯುದ್ದಕ್ಕೂ ಕಂಬಗಳ ಮೇಲೆ ಓಕ್ ಕಾಯಿಯ ಗುರುತಿರುವುದರಿಂದ ಹೊಸಬರು ದಾರಿ ತಪ್ಪುವುದು ಕಷ್ಟ. ಈ ಕಣಿವೆಯಲ್ಲಿ ಹೈಸ್ಪೀಡ್ ರೈಲಿನ ಕಾಮಗಾರಿಯಿಂದಾಗಿ ಕೆಲವು ಕಾಲುದಾರಿಗಳನ್ನು ಬೇರೆ ಕಡೆಯಿಂದ ಸುತ್ತಿ ಹೋಗುವಂತೆ ತಿರುಗಿಸಲಾಗಿದೆ. ಅಂಥಲ್ಲಿ ಹಾಕಿರುವ ಫಲಕವನ್ನು ಓದಿಯೇ ಮುಂದುವರಿಯಬೇಕು.

ವಾರದ ನಡುವಿನ ದಿನ ಹೋಗಿ, ಬೆಳಿಗ್ಗೆ ಒಂಬತ್ತರೊಳಗೆ ಕಾಡು ಸೇರಿ. ಏಪ್ರಿಲ್ ಮೂರನೆಯ ವಾರದಿಂದ ಮೇ ತಿಂಗಳ ಮಧ್ಯದವರೆಗೆ ಬ್ಲೂಬೆಲ್ ಅರಳಿರುತ್ತದೆ, ಬೀಚ್ ಮರಗಳ ಎಳೆ ಎಲೆಯೂ ಅದೇ ಹೊತ್ತಿಗೆ ಬರುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುವುದರಿಂದ ಆಗ ಮಧ್ಯಾಹ್ನದ ಊಟ ಮುಗಿಸಿ ಹೊರಡುವ ಯೋಚನೆಯನ್ನು ಬಿಡಬೇಕು.

ಬುತ್ತಿಗೆ ಪುಳಿಯೋಗರೆ ಸಾಕು, ನೀರು ಇರಲಿ.

ಪಾದರಕ್ಷೆಯ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬಾರದು. ಚಿಲ್ಟರ್ನ್ ಬೆಟ್ಟಗಳ ಒಡಲು ಸುಣ್ಣಕಲ್ಲಾದರೂ ಮೇಲೆ ಚಕಮಕಿ ಕಲ್ಲು ಬೆರೆತ ಜೇಡಿಮಣ್ಣಿನ ಹೊದಿಕೆಯಿದ್ದು, ಮಳೆ ಬಿದ್ದ ಮೇಲೆ ಅದು ಕಾಲನ್ನು ಹಿಡಿದರೆ ಬಿಡುವುದಿಲ್ಲ. "ವಾಟರ್‌ಪ್ರೂಫ್" ಎಂಬ ಚೀಟಿ ಅಂಟಿಸಿ ಅಗ್ಗಕ್ಕೆ ಮಾರುವ ಬಟ್ಟೆಯ ಷೂ ಒಂದು ಗಂಟೆಯಲ್ಲಿ ನೆನೆದ ರೊಟ್ಟಿಯಂತಾಗುತ್ತದೆ. ಹಿಮ್ಮಡಿಯ ಗಂಟನ್ನು ಮುಚ್ಚುವ, ಅಡಿಯಲ್ಲಿ ಆಳವಾದ ಕಚ್ಚುಗಳಿರುವ ನಡಿಗೆಯ ಬೂಟು ಕೊಳ್ಳಿ. ಒಂದು ಸಲಕ್ಕೆಂದು ಕೊಳ್ಳುವ ತೆಳು ಪ್ಲಾಸ್ಟಿಕ್ ಪಾಂಚೋ ಮೊದಲ ಮುಳ್ಳುಪೊದೆಗೇ ಹರಿಯುತ್ತದೆ. ಹರಿಯುವವರೆಗೂ ಪರಪರ ಸದ್ದು ಮಾಡಿ ಹಕ್ಕಿಗಳನ್ನೆಲ್ಲ ಓಡಿಸುತ್ತದೆ.

ನಕ್ಷೆ ಓದುವುದು

ಬಹುತೇಕರು ಎಡವುವುದು ಈ ಹಂತದಲ್ಲಿಯೇ ಆದ್ದರಿಂದ ಇದನ್ನು ಸಾವಧಾನವಾಗಿ ಓದಬೇಕು. ಇಂಗ್ಲೆಂಡಿನ ಹೊಲ ಮತ್ತು ಕಾಡುಗಳಲ್ಲಿ ಹೆಚ್ಚಿನವು ಖಾಸಗಿ ಆಸ್ತಿಗಳು. ಆದರೆ ಅವುಗಳ ನಡುವೆ ಹಾದುಹೋಗುವ ಸಾರ್ವಜನಿಕ ಕಾಲುದಾರಿಗಳಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇದೆ. ಇಂಥ ದಾರಿಗಳನ್ನು ಗುರುತಿಸಿ ಅಧಿಕೃತ ನಕ್ಷೆಗಳಲ್ಲಿ ದಾಖಲಿಸಬೇಕೆಂದು 1949ರ ಕಾಯಿದೆ ವಿಧಿಸಿತು. ಅಂದರೆ ಕಾಲುದಾರಿಯು ಮೊದಲು ಕಾಗದದ ಮೇಲಿನ ಗೆರೆ, ಆಮೇಲೆ ನೆಲದ ಮೇಲಿನ ಸವಕಲು. ನೆಲದಲ್ಲಿ ಜಾಡೇ ಕಾಣದಿದ್ದರೂ ಹಕ್ಕು ಇರಬಹುದು. ಟ್ರ್ಯಾಕ್ಟರ್ ಓಡಾಡುವಷ್ಟು ಢಾಳಾದ ದಾರಿಯಲ್ಲಿ ಹಕ್ಕು ಇಲ್ಲದೆಯೂ ಇರಬಹುದು. ನಮ್ಮೂರಿನಲ್ಲಿ ಸವೆದ ಜಾಡನ್ನು ನಂಬಿ ನಡೆದ ಅಭ್ಯಾಸದಿಂದ ಇಲ್ಲಿ ಕಣ್ಣಿಗೆ ಕಂಡ ದಾರಿ ಹಿಡಿದವರು ನೇರವಾಗಿ ಯಾರದೋ ಕೊಟ್ಟಿಗೆಯ ಅಂಗಳಕ್ಕೆ ಹೋಗಿ ನಿಲ್ಲುತ್ತಾರೆ.

ಆದ್ದರಿಂದ ಫೋನಿನಲ್ಲಿ ಮೊದಲೇ ಇರುವ ಸಾಮಾನ್ಯ ನಕ್ಷೆಯನ್ನು ನಂಬಬೇಡಿ; ಅದು ಕಾರಿನವರಿಗಾಗಿ ಮಾಡಿದ್ದು, ನಿಮ್ಮನ್ನು ಪಾದಚಾರಿ ಮಾರ್ಗವಿಲ್ಲದ ಇಕ್ಕಟ್ಟಿನ ರಸ್ತೆಗೆ ತಳ್ಳಿದರೂ ತಳ್ಳಬಹುದು. ಆರ್ಡ್‌ನೆನ್ಸ್ ಸರ್ವೆ ಎಂಬ ಸರ್ಕಾರಿ ನಕ್ಷೆ ಸಂಸ್ಥೆಯವರ ಎಕ್ಸ್‌ಪ್ಲೋರರ್ ನಕ್ಷೆ, ಅಂದರೆ ಕಿತ್ತಳೆ ರಕ್ಷಾಪುಟದ್ದು, ನಿಮ್ಮ ಕೈಯಲ್ಲಿರಬೇಕು. ವೆಂಡೋವರ್ ಭಾಗಕ್ಕೆ ಬೇಕಾದದ್ದು 181ನೆಯ ಸಂಖ್ಯೆಯದು. ಅಂಗಡಿಯಲ್ಲಿ ಪಕ್ಕದಲ್ಲೇ ಇರುವ ಗುಲಾಬಿ ರಕ್ಷಾಪುಟದ ಲ್ಯಾಂಡ್‌ರೇಂಜರ್ ನಕ್ಷೆ ಹೆಚ್ಚು ಪ್ರದೇಶವನ್ನು ತೋರಿಸುತ್ತದೆಂದು ಅದನ್ನು ಕೊಳ್ಳುವುದು ದೊಡ್ಡ ತಪ್ಪು. ಎಕ್ಸ್‌ಪ್ಲೋರರ್‌ನಲ್ಲಿ ನಾಲ್ಕು ಸೆಂಟಿಮೀಟರ್ ಎಂದರೆ ಒಂದು ಕಿಲೋಮೀಟರ್. ಆ ಅಳತೆಯಲ್ಲಿ ಪ್ರತಿ ಹೊಲದ ಬೇಲಿಯೂ ತೆಳುವಾದ ಕಪ್ಪು ಗೆರೆಯಾಗಿ ಕಾಣುತ್ತದೆ. ಲ್ಯಾಂಡ್‌ರೇಂಜರ್‌ನಲ್ಲಿ ಬೇಲಿಗಳೇ ಇರುವುದಿಲ್ಲ. ನಡೆಯುವವನ ಜೀವ ಇರುವುದು ಈ ಬೇಲಿಯ ಗೆರೆಯಲ್ಲಿ, ಏಕೆಂದರೆ ಕಾಲುದಾರಿ ಬೇಲಿಯ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದು ಅದರಿಂದ ಮಾತ್ರ ತಿಳಿಯುತ್ತದೆ. ತಪ್ಪು ಮಗ್ಗುಲು ಹಿಡಿದರೆ ಅರ್ಧ ಕಿಲೋಮೀಟರ್ ನಡೆದ ಮೇಲೆ, ದಾಟಲು ಸಂದೇ ಇಲ್ಲದ ಮುಳ್ಳುಬೇಲಿಯ ಆಚೆ ನಿಮ್ಮ ದಾರಿ ತಣ್ಣಗೆ ಹೋಗುತ್ತಿರುವುದನ್ನು ನೋಡುತ್ತ ನಿಲ್ಲಬೇಕಾಗುತ್ತದೆ.

ನಕ್ಷೆಯಲ್ಲಿ ಹಸಿರು ಬಣ್ಣದ ಚಿಕ್ಕ ಚಿಕ್ಕ ತುಂಡುಗೆರೆಗಳು ಕಾಲ್ನಡಿಗೆಯ ಹಕ್ಕಿನ ದಾರಿ. ಉದ್ದನೆಯ ಹಸಿರು ತುಂಡುಗೆರೆಗಳು ಕುದುರೆ ಮತ್ತು ಸೈಕಲ್ಲುಗಳಿಗೂ ತೆರೆದ ದಾರಿ. ರಿಜ್‌ವೇಯಂಥ ದೂರದ ದಾರಿಗಳ ಗುರುತು ಹಸಿರು ವಜ್ರಾಕೃತಿಗಳು. ಕಪ್ಪು ತುಂಡುಗೆರೆ ಎಂದರೆ ಅಲ್ಲೊಂದು ಜಾಡಿದೆ ಎಂದಷ್ಟೇ ಅರ್ಥ, ನಡೆಯಬಹುದೆಂದಲ್ಲ. ಇನ್ನೊಂದು ಗೆರೆಯಿದೆ, ಅದರ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ: ಕಪ್ಪು ಚುಕ್ಕಿಗಳ ಸಾಲು. ಅದು ಗ್ರಾಮದ ಗಡಿ. ಮೊದಲ ವರ್ಷ ನಾನು ಅದನ್ನೇ ದಾರಿಯೆಂದುಕೊಂಡು ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ, ಎದೆಯೆತ್ತರದ ಬ್ರಾಂಬಲ್ ಮುಳ್ಳಿನ ನಡುವೆ ನಿಲ್ಲಿಸಿದ್ದೆ. ಅತ್ತೆಯವರ ಶಾಲು ಈಗಲೂ ಅಲ್ಲಿಯೇ ಇರಬೇಕು.

ಹೊರಟ ಮೇಲೆ ನಕ್ಷೆಯನ್ನು ಅಕ್ಷರ ನೆಟ್ಟಗೆ ಕಾಣುವಂತೆ ಹಿಡಿಯಬೇಡಿ. ನಿಮ್ಮ ಮುಂದಿರುವ ಚರ್ಚು, ರಸ್ತೆ ಅಥವಾ ಕಾಡಿನಂಚು ನಕ್ಷೆಯಲ್ಲಿಯೂ ಅದೇ ದಿಕ್ಕಿಗೆ ಬರುವಂತೆ ಕಾಗದವನ್ನು ತಿರುಗಿಸಿ, ನೀವಿರುವಲ್ಲಿ ಹೆಬ್ಬೆರಳು ಇಟ್ಟುಕೊಂಡು, ಬೇಲಿ ದಾಟಿದಾಗಲೆಲ್ಲ ಬೆರಳನ್ನೂ ಮುಂದೆ ಸರಿಸಿ. ಬೇಲಿ ದಾಟುವ ಕಡೆ ಸ್ಟೈಲ್ ಎಂಬ ಮರದ ಮೆಟ್ಟಿಲಿರುತ್ತದೆ. ಮಲೆನಾಡಿನವರಿಗೆ ಅದು ತಡಬೆಯೇ ಸರಿ. ಮಂಡಿನೋವಿರುವ ಹಿರಿಯರಿದ್ದರೆ ಇದನ್ನು ಮೊದಲೇ ಯೋಚಿಸಿ, ಅವು ಕಡಿಮೆಯಿರುವ ಕುದುರೆ ದಾರಿಯನ್ನು ಆರಿಸಿಕೊಳ್ಳುವುದು ಮೇಲು. ಪಕ್ಕದ ಕಂಬದ ಮೇಲಿನ ಹಳದಿ ಬಾಣ ಕಾಲುದಾರಿಯದು, ನೀಲಿ ಬಾಣ ಕುದುರೆ ದಾರಿಯದು. ಬಾಣ ಮೇಲ್ಮುಖವಾಗಿದ್ದರೆ ನೇರ ಹೋಗಿ. ಓರೆಯಾಗಿದ್ದರೆ ಅದೇ ಓರೆಯಲ್ಲಿ ಹೊಲವನ್ನು ಅಡ್ಡ ಹಾಯಿರಿ ಎಂದರ್ಥ.

ಹೊಲವನ್ನು ಅಡ್ಡ ಹಾಯುವುದು ಎಂದಾಗ ನಮ್ಮವರ ಕಾಲು ಏಳುವುದಿಲ್ಲ. ಮೊಣಕಾಲೆತ್ತರದ ಗೋಧಿ ಬೆಳೆದು ನಿಂತಿದೆ, ದಾರಿ ಅದರ ನಡುವೆಯೇ ಹೋಗಬೇಕು. ಬೆಳೆ ತುಳಿಯಬಾರದೆಂದು ಕಲಿತು ಬೆಳೆದವರು ಸಹಜವಾಗಿ ಬದುವಿನ ಮೇಲೆ ಸುತ್ತಿ ಹೋಗಲು ನೋಡುತ್ತಾರೆ. ಕಾನೂನಿನ ಪ್ರಕಾರ ವಿಷಯ ತಿರುಗುಮುರುಗು: ಹೊಲದ ನಡುವಿನ ಕಾಲುದಾರಿಯನ್ನು ಉತ್ತ ರೈತ ಹದಿನಾಲ್ಕು ದಿನದೊಳಗೆ ಅದನ್ನು ಮತ್ತೆ ನಡೆಯುವಂತೆ ಮಾಡಬೇಕು, ಕನಿಷ್ಠ ಒಂದು ಮೀಟರ್ ಅಗಲವನ್ನು ಬೆಳೆಯಿಲ್ಲದೆ ಬಿಡಬೇಕು. ನಡೆಯುವ ಹಕ್ಕು ಇರುವುದು ಆ ಗೆರೆಯ ಮೇಲೆ ಮಾತ್ರ, ಬದುವಿನ ಮೇಲಲ್ಲ. ಆದ್ದರಿಂದ ಒಬ್ಬರ ಹಿಂದೆ ಒಬ್ಬರಂತೆ ಸಾಲಾಗಿ ನೇರ ನಡೆಯಿರಿ. ಎದುರಿನ ಬೇಲಿಯಲ್ಲಿ ಒಂದು ಮರವನ್ನೋ ಕಂಬವನ್ನೋ ಗುರಿಯಾಗಿಟ್ಟುಕೊಂಡರೆ ದಾರಿ ಓರೆಯಾಗುವುದಿಲ್ಲ.

ದನಗಳಿರುವ ಹುಲ್ಲುಗಾವಲಿನಲ್ಲಿ ಮಾತ್ರ ಈ ನೇರ ನಡೆಯ ನಿಯಮವನ್ನು ಸಡಿಲಿಸಿ. ಗೋವು ಸಾಧುಪ್ರಾಣಿ ಎಂದು ಹಣೆ ಸವರಲು ಹೋಗದೆ, ಕರು ಮತ್ತು ತಾಯಿಯ ನಡುವೆ ಸಿಕ್ಕಿಕೊಳ್ಳದೆ, ದೂರದಿಂದ ಬಳಸಿ ಹೋಗಬೇಕು. ತೆರೆದಿದ್ದ ಗೇಟನ್ನು ತೆರೆದೇ ಬಿಡಿ, ಮುಚ್ಚಿದ್ದನ್ನು ಮುಚ್ಚಿ.

ಕಾಡಿನೊಳಗೆ

ಕಾಡು ಸೇರಿದ ಮೇಲೆ ಜಾಡುಗಳು ಕವಲೊಡೆಯುತ್ತವೆ. ಚಿಲ್ಟರ್ನ್ ಸೊಸೈಟಿಯ ಸ್ವಯಂಸೇವಕರು ಮರದ ಕಾಂಡಗಳ ಮೇಲೆ ಬಿಳಿ ಬಾಣಗಳನ್ನು ಬಳಿದಿರುತ್ತಾರೆ. ಅವನ್ನು ಹಿಡಿದು ನಡೆದರೆ ಸಾಕು. ಇಂಗ್ಲೆಂಡಿನಲ್ಲಿ ಪ್ರಾಚೀನ ಕಾಡು ಎಂದರೆ 1600ನೆಯ ಇಸವಿಯಿಂದಲಾದರೂ ಬಿಡದೆ ಕಾಡಾಗಿಯೇ ಉಳಿದದ್ದು. ಅದರರ್ಥ ಮನುಷ್ಯರ ಕೈ ಸೋಕದ ಕಾಡು ಎಂದಲ್ಲ. ನಮ್ಮ ಸೊಪ್ಪಿನ ಬೆಟ್ಟಗಳಂತೆ ಅವು ಬಳಕೆಯ ಕಾಡುಗಳು. ಈ ಬೀಚ್ ಮರಗಳ ನಡುವೆಯೇ ಕುಳಿತು ಕುಶಲಕರ್ಮಿಗಳು ಕುರ್ಚಿಯ ಕಾಲುಗಳನ್ನು ಕಡೆದು ಹೈ ವಿಕೂಂಬ್ ಪೇಟೆಯ ಕಾರ್ಖಾನೆಗಳಿಗೆ ಕೊಡುತ್ತಿದ್ದರು. ನೆಲದ ಮೇಲೆ ಉದ್ದಕ್ಕೂ ಹೋಗುವ ದಿಬ್ಬವೂ ಅದರ ಪಕ್ಕದ ಹಳ್ಳವೂ ಕಂಡರೆ, ಅದು ಹೆಚ್ಚಾಗಿ ಹಳೆಯ ಕಾಡಿನ ಗಡಿ. ತೋಟದ ಸುತ್ತಲಿನ ಅಗಳು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬ್ಲೂಬೆಲ್ ಹಾಸಿನೊಳಗೆ ಕಾಲಿಡಬೇಡಿ, ಫೋಟೊಗಾಗಿಯೂ ಬೇಡ. ತುಳಿದ ಎಲೆ ಸತ್ತರೆ ಗೆಡ್ಡೆಗೆ ಆಹಾರ ಸಿಗದು, ಆ ಜಾಗ ಮತ್ತೆ ತುಂಬಿಕೊಳ್ಳಲು ವರ್ಷಗಳೇ ಬೇಕು. ಗೆಡ್ಡೆ ಕಿತ್ತು ಮನೆಗೆ ತರುವುದಂತೂ 1981ರ ವನ್ಯಜೀವಿ ಕಾಯಿದೆಯಡಿ ಅಪರಾಧ.

ಇನ್ನು ಬೇಕಾದದ್ದು ಕುಳಿತುಕೊಳ್ಳುವ ತಾಳ್ಮೆ. ಜಾಡಿನಂಚಿನ ಬಿದ್ದ ಮರದ ಮೇಲೆ, ಫೋನನ್ನು ಚೀಲದಲ್ಲಿಟ್ಟು, ಅರ್ಧ ಗಂಟೆ ಮಾತಿಲ್ಲದೆ ಕುಳಿತುಕೊಳ್ಳಿ. ಗಾಳಿ ಜೋರಾಗಿದ್ದರೆ ಬೀಚ್ ಮರದ ಕೆಳಗೆ ಮಾತ್ರ ಬೇಡ, ಅದರ ಕೊಂಬೆಗಳು ಮುರಿದು ಬೀಳುತ್ತವೆ. ಹಕ್ಕಿಯ ದನಿ ಗುರುತಿಸುವ ಆ್ಯಪ್ ಒಳ್ಳೆಯದೇ, ಆದರೆ ಅದನ್ನು ತೆರೆದವರು ತೆರೆಯನ್ನು ನೋಡುತ್ತಾರೆಯೇ ಹೊರತು ಮರವನ್ನಲ್ಲ. ಮೊದಲ ಹತ್ತು ನಿಮಿಷ ಏನೂ ನಡೆಯುವುದಿಲ್ಲ. ಆಮೇಲೆ ಚಿಫ್‌ಚಾಫ್ ತನ್ನ ಹೆಸರನ್ನೇ ಎರಡು ಸ್ವರದಲ್ಲಿ ಬಿಡದೆ ಹೇಳತೊಡಗುತ್ತದೆ. ಕವಲುಬಾಲದ ರೆಡ್ ಕೈಟ್ ಮೇಲಿನಿಂದ ಸಿಳ್ಳೆ ಹಾಕುತ್ತದೆ. ಇಂಗ್ಲೆಂಡಿನಿಂದ ಪೂರ್ತಿ ಅಳಿಸಿಹೋಗಿದ್ದ ಈ ಹದ್ದನ್ನು 1990ರ ಆಸುಪಾಸಿನಲ್ಲಿ ಸ್ಪೇನಿನಿಂದ ತಂದು ಈ ಬೆಟ್ಟಗಳಲ್ಲಿ ಬಿಡಲಾಯಿತು. ಪೊದೆಯೊಳಗಿಂದ ನಾಯಿ ಬೊಗಳಿದಂತೆ ಕೇಳಿದರೆ ಅದು ನಾಯಿಯಾಗಿರಲಿಕ್ಕಿಲ್ಲ: ಚೀನಾ ಮೂಲದ ಮಂಟ್‌ಜ್ಯಾಕ್ ಎಂಬ ಪುಟ್ಟ ಜಿಂಕೆ, ನಮ್ಮ ಕಾಡುಕುರಿಯ ದಾಯಾದಿ. ಎರಡನೆಯ ಸಲ ಬಂದಾಗ ಈ ದನಿಯನ್ನು ನನಗಿಂತ ಮೊದಲು ಗುರುತಿಸಿದವರು ಚಿಕ್ಕಪ್ಪನವರೇ.

ಮನೆಗೆ ಬಂದ ಮೇಲೆ

ಬೂಟಿನ ಮಣ್ಣನ್ನು ಹೊರಗೇ ಉಜ್ಜಿ ತೆಗೆಯಿರಿ. ಒಂದು ಕಾಡಿನ ಮರದ ರೋಗ ಇನ್ನೊಂದಕ್ಕೆ ಹೋಗದಿರಲಿ. ಅದಕ್ಕಿಂತ ಮುಖ್ಯವಾದದ್ದು ಉಣುಗು. ಮಂಗನ ಕಾಯಿಲೆಯನ್ನು ಬಲ್ಲ ಮಲೆನಾಡಿನವರಿಗೆ ಉಣುಗಿನ ಭಯವನ್ನು ಹೇಳಿಕೊಡಬೇಕಿಲ್ಲ. ಇಂಗ್ಲೆಂಡಿನ ಉಣುಗು ಹರಡಬಹುದಾದದ್ದು ಲೈಮ್ ಎಂಬ ಬೇರೆಯೇ ಕಾಯಿಲೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ ನಡೆದಿದ್ದರೂ, ಮನೆಗೆ ಬಂದೊಡನೆ ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ಕೂದಲಿನಂಚುಗಳನ್ನು ನೋಡಿಕೊಳ್ಳಬೇಕು. ಕಚ್ಚಿಕೊಂಡಿದ್ದರೆ ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಇವೆಲ್ಲ ಬೇಡ. ಮೊನಚಾದ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ಹಿಸುಕದೆ, ನೇರ ಮೇಲಕ್ಕೆ ನಿಧಾನವಾಗಿ ಎಳೆಯಿರಿ. ಮುಂದಿನ ನಾಲ್ಕು ವಾರಗಳೊಳಗೆ ಆ ಜಾಗದಲ್ಲಿ ಉಂಗುರದಂತೆ ಹರಡುವ ಕೆಂಪು ಕಲೆ ಮೂಡಿದರೆ ಅಥವಾ ಜ್ವರ ಬಂದರೆ ವೈದ್ಯರನ್ನು ಕಾಣಬೇಕು. ಅಷ್ಟರಲ್ಲಿ ಹಿರಿಯರು ಊರಿಗೆ ಮರಳಿದ್ದರೆ, ಇಂಗ್ಲೆಂಡಿನ ಕಾಡಿನಲ್ಲಿ ಉಣುಗು ಕಚ್ಚಿತ್ತೆಂದು ಅಲ್ಲಿಯ ವೈದ್ಯರಿಗೆ ತಾವಾಗಿಯೇ ಹೇಳಬೇಕು. ಅವರಾಗಿ ಕೇಳುವ ಸಂಭವ ಕಡಿಮೆ.