ಎರಡು ಕ್ರೂಸಿಬಲ್, ಒಂದೇ ಕಬ್ಬಿಣ: ನನ್ನ ಅನುಭವ

ನನ್ನ ಪಿಎಚ್‌ಡಿಯ ಎರಡನೇ ವರ್ಷ. ಫರ್ನೇಸಿನಿಂದ (ಲ್ಯಾಬಿನ ಕುಲುಮೆ) ಎರಡು ಕ್ರೂಸಿಬಲ್, ಅಂದರೆ ಬಿಸಿ ತಾಳುವ ಬಟ್ಟಲು, ಹೊರಗೆ ತೆಗೆದೆ. ಎರಡರಲ್ಲೂ ಇದ್ದದ್ದು ಕಬ್ಬಿಣದ ಆಕ್ಸೈಡ್, ಎರಡನ್ನೂ 350 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಎರಡು ಗಂಟೆ ಕಾಯಿಸಿದ್ದೆ. ಒಂದು ಕೆಮ್ಮಣ್ಣಿನ ಹಾಗೆ ಕೆಂಪಗಿತ್ತು, ಆಯಸ್ಕಾಂತಕ್ಕೆ ಜಗ್ಗಲಿಲ್ಲ. ಇನ್ನೊಂದು ಗಾಢ ಕಂದು. ಆಯಸ್ಕಾಂತ ಹತ್ತಿರ ಬಂದದ್ದೇ ತಡ, ಪುಡಿ ಎದ್ದು ನಿಂತಿತು. ಎರಡಕ್ಕೂ ಇದ್ದ ವ್ಯತ್ಯಾಸ ಒಂದು ಚಿಟಿಕೆ ಸಿಟ್ರಿಕ್ ಆಮ್ಲ.

ಆಯಸ್ಕಾಂತಕ್ಕೆ ಎದ್ದು ನಿಲ್ಲುವ ಈ ಪುಡಿಯೇ ನನಗೆ ಬೇಕಾಗಿದ್ದದ್ದು. ಆದರೆ ಮೊದಲ ಪ್ರಯತ್ನದಲ್ಲಿ ಅದು ಸಿಗಲಿಲ್ಲ.

ಶುರು ಮಾಡುವುದು ಸುಲಭ. 20.2 ಗ್ರಾಂ ಫೆರಿಕ್ ನೈಟ್ರೇಟ್ ನೋನಾಹೈಡ್ರೇಟನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ, ಕಲಕುತ್ತಾ ಅಮೋನಿಯಾ ದ್ರಾವಣವನ್ನು ಹನಿಹನಿಯಾಗಿ ಬಿಟ್ಟೆ. ಪಿಎಚ್ 8ರ ಹತ್ತಿರ ಬರುವಷ್ಟರಲ್ಲಿ ಬೀಕರಿನ ತುಂಬಾ ಕಂದು ಲೋಳೆ. ಕಣಗಳು ಕೆಲವೇ ನ್ಯಾನೋಮೀಟರ್, ಒಳಗೆ ಪರಮಾಣುಗಳ ಸಾಲು ಹೆಚ್ಚು ದೂರ ಹೋಗುವುದಿಲ್ಲ. ಎಲ್ಲರೂ ಇದನ್ನು ಅಮಾರ್ಫಸ್ (ಹರಳಿಲ್ಲದ್ದು) ಎನ್ನುತ್ತಾರೆ. ಆದರೆ ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್‌ರೇ ಚದುರುವ ಕೋನಗಳಿಂದ ಹರಳನ್ನು ಗುರುತಿಸುವ ಪರೀಕ್ಷೆ), ತಾಮ್ರದ ಟ್ಯೂಬಿನಲ್ಲಿ, 35 ಮತ್ತು 62 ಡಿಗ್ರಿ ಕೋನದ ಸುತ್ತ ಎರಡು ಅಗಲವಾದ ಉಬ್ಬು ಕಂಡರೆ ಅದು ಫೆರಿಹೈಡ್ರೈಟ್ ಎಂಬ ಖನಿಜ. ಹಾಗೆಂದೇ ಬರೆಯಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು ಮಾತು: ತಾಮ್ರದ ಎಕ್ಸ್‌ರೇ ಟ್ಯೂಬ್ ಬಳಸಿದರೆ ಕಬ್ಬಿಣವೇ ತನ್ನದೊಂದು ಎಕ್ಸ್‌ರೇ ಹೊರಸೂಸಿ ಹೊಳೆಯುತ್ತದೆ, ಹಿನ್ನೆಲೆ ಏರುತ್ತದೆ, ಸಣ್ಣ ಉಬ್ಬುಗಳು ಅದರಲ್ಲಿ ಮುಳುಗಿಹೋಗುತ್ತವೆ. ಕೋಬಾಲ್ಟ್ ಟ್ಯೂಬ್ ಸಿಕ್ಕರೆ ಬಿಡಬೇಡಿ.

ನಾನು ಎಡವಿದ್ದು ಸಿಟ್ರಿಕ್ ಆಮ್ಲ ಹಾಕಿದ ಹೊತ್ತಿನಲ್ಲಿ. ಲೋಳೆಯನ್ನು ತೊಳೆಯುವ ಮೊದಲೇ ಹಾಕಿಬಿಟ್ಟೆ. ಸಿಟ್ರೇಟ್ ಕಣಗಳಿಗೆ ಅಂಟಿಕೊಂಡು ಅವು ಒಂದನ್ನೊಂದು ದೂರ ತಳ್ಳತೊಡಗಿದವು. ಕೆಳಗೆ ಕೂರಲೇ ಇಲ್ಲ. ಫಿಲ್ಟರ್ ಪೇಪರಿನಿಂದ ತುಕ್ಕಿನ ಬಣ್ಣದ ನೀರು ಹಾಗೇ ಇಳಿದುಹೋಯಿತು. ಎರಡು ಸಲ ತೊಳೆದು, ಸಾಕೆಂದು ಒಣಗಿಸಿ, ಫರ್ನೇಸಿಗೆ ಇಟ್ಟೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಪುಡಿ ತನ್ನಷ್ಟಕ್ಕೆ ಕೆಂಡವಾಗಿ ಉರಿದು, ಕ್ರೂಸಿಬಲ್ಲಿನಿಂದ ಹೊರಗೂ ಚೆಲ್ಲಿತ್ತು.

ಗೈಡ್ ಮೇಡಂ ಬೈಯಲಿಲ್ಲ. "ಎಷ್ಟು ಸಲ ತೊಳೆದೆಯಮ್ಮ?" ಎಂದಷ್ಟೇ ಕೇಳಿದರು. ಆಗ ಹೊಳೆಯಿತು. ಒಳಗೆ ಅಮೋನಿಯಂ ನೈಟ್ರೇಟ್ ಉಳಿದಿತ್ತು, ಪಕ್ಕದಲ್ಲೇ ಸಿಟ್ರೇಟ್ ಇತ್ತು. ಒಂದು ಆಮ್ಲಜನಕ ಕೊಡುವುದು, ಇನ್ನೊಂದು ಉರುವಲು. ಬೇಕೆಂದೇ ಹೀಗೆ ಉರಿಸಿ ಆಕ್ಸೈಡ್ ಮಾಡುವ ವಿಧಾನವೂ ಇದೆ. ಆದರೆ ಅಲ್ಲಿ ಬಿಸಿ ನಮ್ಮ ಕೈಯಲ್ಲಿರುವುದಿಲ್ಲ. ನಿಧಾನವಾಗಿ ಹರಳುಗಟ್ಟುವುದನ್ನು ನೋಡಬೇಕೆಂದರೆ ಅದು ಕೆಲಸಕ್ಕೆ ಬಾರದು.

ಅಲ್ಲಿಂದ ಕ್ರಮ ಬದಲಿಸಿದೆ. ಮೊದಲು ಸೆಂಟ್ರಿಫ್ಯೂಜಿನಲ್ಲಿ ತೊಳೆಯುವುದು. ಎಷ್ಟು ಸಲ ಎಂದು ಎಣಿಸುವುದಲ್ಲ, ತೊಳೆದ ನೀರಿನ ಕಂಡಕ್ಟಿವಿಟಿ (ವಿದ್ಯುತ್ ಹರಿಸುವ ಗುಣ) ಇಳಿದು ನಿಲ್ಲುವವರೆಗೆ. ಆಮೇಲೆ ಚೂರು ಸಿಟ್ರಿಕ್ ಆಮ್ಲ, ಆಮೇಲೆ 60 ಡಿಗ್ರಿಯಲ್ಲಿ ಒಣಗಿಸುವುದು. ಫರ್ನೇಸಿನಲ್ಲಿ ಪುಡಿಯನ್ನು ಗುಡ್ಡೆ ಹಾಕದೆ ತೆಳ್ಳಗೆ ಹರಡುವುದು. ಹರಳಾಗುವಾಗಲೂ ಸಿಟ್ರೇಟ್ ಸುಡುವಾಗಲೂ ಶಾಖ ಹೊರಬರುತ್ತದೆ. ಗುಡ್ಡೆಯ ನಡುವೆ ಅದು ಸಿಕ್ಕಿಬಿದ್ದರೆ ಫರ್ನೇಸ್ ತೋರಿಸುವ ಅಂಕಿಗೂ ಪುಡಿಯ ಬಿಸಿಗೂ ಸಂಬಂಧವೇ ಇರುವುದಿಲ್ಲ.

ಸಿಟ್ರೇಟ್ ಸುಡುವಾಗ ಸ್ವಲ್ಪ ಫೆರಿಕ್ ಕಬ್ಬಿಣವನ್ನು ಫೆರಸ್‌ಗೆ ಇಳಿಸುತ್ತದೆ. ಆಗ ಮ್ಯಾಗ್ನೆಟೈಟ್ ಎಂಬ ಆಯಸ್ಕಾಂತೀಯ ಆಕ್ಸೈಡಿನಂಥ ಪರಮಾಣು ಜೋಡಣೆ ಹುಟ್ಟುತ್ತದೆ. ಗಾಳಿ ತಾಗಿದಂತೆ ಅದೇ ಜೋಡಣೆಯಲ್ಲಿ ಮ್ಯಾಗ್ಹೆಮೈಟ್, ಅಂದರೆ ಆ ಕಂದು ಪುಡಿ, ಆಗುತ್ತದೆ. ಸಿಟ್ರೇಟ್ ಇಲ್ಲದಿದ್ದರೆ ನೇರ ಹೆಮಟೈಟ್, ಅಂದರೆ ಆ ಕೆಂಪು ಪುಡಿ. ಬೆಂಕಿ ಹಾದುಹೋದ ಮೇಲ್ಮಣ್ಣು ಆಯಸ್ಕಾಂತಕ್ಕೆ ಜಾಸ್ತಿ ಸ್ಪಂದಿಸುವುದಕ್ಕೂ ಇದೇ ಕಾರಣ: ಎಲೆ, ಬೇರು ಸುಡುವಾಗ ಮಣ್ಣಿನ ಕಬ್ಬಿಣಕ್ಕೆ ಇದೇ ಆಗುತ್ತದೆ. ಇದು ತಿಳಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಕಾಂತತೆ ಅಳೆಯುವ ವಿಎಸ್‌ಎಮ್ ಯಂತ್ರದಲ್ಲಿ ಕಾಯಿಸದ ಪುಡಿ ಹೆಚ್ಚುಕಡಿಮೆ ನೇರ ಗೆರೆ ಕೊಟ್ಟಿತು, ಎಷ್ಟು ಕಾಂತಕ್ಷೇತ್ರ ಕೊಟ್ಟರೂ ತುಂಬಿ ನಿಲ್ಲಲಿಲ್ಲ. ಕಂದು ಪುಡಿ ಬೇಗ ಏರಿ ಬಾಗಿತು, ಲೂಪ್ ಬಿಚ್ಚಿಕೊಳ್ಳಲಿಲ್ಲ, ಅಂದರೆ ಏರುವ ಗೆರೆ ಇಳಿಯುವ ಗೆರೆ ಒಂದೇ ಆಗಿದ್ದವು. ಸೂಪರ್‌ಪ್ಯಾರಾಮ್ಯಾಗ್ನೆಟಿಕ್ ಕಣಗಳ (ಕ್ಷೇತ್ರ ತೆಗೆದರೆ ಕಾಂತತೆ ಉಳಿಸಿಕೊಳ್ಳದ ಸಣ್ಣ ಕಣಗಳ) ಗುರುತು ಅದು. ಆದರೆ ಗರಿಷ್ಠ ಕಾಂತತೆಯ ಮೌಲ್ಯ ತೀರಾ ಕಡಿಮೆ ಬಂತು. ದೊಡ್ಡ ಹರಳಿನ ಮ್ಯಾಗ್ಹೆಮೈಟಿಗೆ ಗ್ರಾಂಗೆ ಸುಮಾರು 75 ಇಎಮ್‌ಯು (ಕಾಂತತೆಯ ಮಾನ) ಇರಬೇಕು. ಕಣ ಸಣ್ಣದಾದಾಗ ಮೇಲ್ಮೈಯ ಸ್ಪಿನ್‌ಗಳು (ಪರಮಾಣುಗಳ ಪುಟ್ಟ ಕಾಂತಗಳು) ಓರೆಯಾಗಿ ಅದು ಇಳಿಯುತ್ತದೆ, ನಿಜ. ಅದರ ಜೊತೆ ನನ್ನ ಲೆಕ್ಕದಲ್ಲೂ ತಪ್ಪಿತ್ತು. ನಾನು ತೂಗಿದ ಗ್ರಾಂನಲ್ಲಿ ನೀರು, ಉಳಿದ ಕಾರ್ಬನ್ ಎಲ್ಲ ಸೇರಿತ್ತು. ಟಿಜಿಎ (ಕಾಯಿಸುತ್ತಾ ತೂಕ ಇಳಿಯುವುದನ್ನು ಅಳೆಯುವ ಪರೀಕ್ಷೆ) ನೋಡಿ, ಆಕ್ಸೈಡಿನ ತೂಕಕ್ಕೆ ಮಾತ್ರ ಭಾಗಿಸಿದ ಮೇಲೆ ಅಂಕಿಗಳು ನಂಬುವಂತಾದವು. ಮ್ಯಾಗ್ನೆಟೈಟೋ ಮ್ಯಾಗ್ಹೆಮೈಟೋ ಎಂದು ಇಷ್ಟು ಅಗಲದ ಎಕ್ಸ್‌ಆರ್‌ಡಿ ಗೆರೆಗಳಲ್ಲಿ ಹೇಳಲಾಗದು. ಅದಕ್ಕೆ ಗಾಮಾ ಕಿರಣದಿಂದ ಕಬ್ಬಿಣದ ಸ್ಥಿತಿ ತಿಳಿಸುವ ಮಾಸ್‌ಬಾವರ್ ಪರೀಕ್ಷೆ ಬೇಕೇ ಬೇಕು.

ಒಣಗಿಸದೆ ಬಿಟ್ಟಿದ್ದ ಲೋಳೆಯ ಒಂದು ಬಾಟಲಿ ಕಪಾಟಿನ ಮೂಲೆಯಲ್ಲಿತ್ತು. ತಿಂಗಳುಗಳ ನಂತರ ಅದನ್ನು ಎಕ್ಸ್‌ಆರ್‌ಡಿಗೆ ಇಟ್ಟರೆ ಹೆಮಟೈಟ್ ಮತ್ತು ಗೋಥೈಟ್ ಎಂಬ ಇನ್ನೊಂದು ಕಬ್ಬಿಣದ ಖನಿಜದ ಚೂಪು ಗೆರೆಗಳು. ಫರ್ನೇಸ್ ಇಲ್ಲದೆ, ನೀರಿನಲ್ಲೇ ನಿಧಾನವಾಗಿ ಹರಳಾಗಿತ್ತು. ಈಗ ತೊಳೆದ ದಿನವೇ ಒಣಗಿಸುತ್ತೇನೆ, ಬಾಟಲಿಯ ಮೇಲೆ ತಾರೀಖು ಬರೆಯುತ್ತೇನೆ.