1939ರ ಕಣ್ಣಿಗೆ ಕಂಡ ನಾಳೆ: ಕಾಮಿಕ್ಸ್ ನಾಯಕನನ್ನು ರೆಟ್ರೋ-ಫ್ಯೂಚರಿಸ್ಟಿಕ್ ಆಗಿ ಬಿಡಿಸುವ ಬಗೆ

ಪೆನ್ಸಿಲ್ ಹಿಡಿಯುವ ಮೊದಲು ಒಂದು ಇಸವಿ ಗೊತ್ತುಮಾಡಿಕೊಳ್ಳಿ. ಇಂಥ ಚಿತ್ರಗಳು ಹೆಚ್ಚಾಗಿ ಕೆಡುವುದು ಇಲ್ಲೇ: 1930ರ ದಶಕದ ರಾಕೆಟ್, 1950ರ ದಶಕದ ಕಾರಿನ ರೆಕ್ಕೆ, 1980ರ ದಶಕದ ನಿಯಾನ್ ಬೆಳಕು ಮೂರೂ ಒಂದೇ ಪುಟಕ್ಕೆ ಬಂದು ಕೂರುತ್ತವೆ. ರೆಟ್ರೋ-ಫ್ಯೂಚರಿಸ್ಟಿಕ್ ಎಂದರೆ ಬಿಡಿಸಬೇಕಾದ್ದು ಬರೀ ಹಳೆಯದನ್ನಲ್ಲ, ಆ ವರ್ಷದ ಜನ ಊಹಿಸಬಹುದಾಗಿದ್ದ ನಾಳೆಯನ್ನು.

ಇಲ್ಲಿ 1939 ಇಟ್ಟುಕೊಳ್ಳೋಣ. ಸೂಪರ್‌ಮ್ಯಾನ್ ಹಿಂದಿನ ವರ್ಷವಷ್ಟೇ ಬಂದಿದ್ದ, ಬ್ಯಾಟ್‌ಮ್ಯಾನ್ ಆ ವರ್ಷ ಬಂದ, ಬಾಹ್ಯಾಕಾಶ ಸಾಹಸಿ ಫ್ಲ್ಯಾಶ್ ಗಾರ್ಡನ್‌ಗೆ ಐದು ವರ್ಷ ತುಂಬಿತ್ತು. ನ್ಯೂಯಾರ್ಕ್ ವಿಶ್ವ ಮೇಳದ ‘ಫ್ಯೂಚರಾಮ’ ಪ್ರದರ್ಶನ 1960ರ ಹೆದ್ದಾರಿಗಳ ಮಾದರಿಯನ್ನು ಜನರ ಮುಂದಿಟ್ಟಿತ್ತು.

ಯಂತ್ರಗಳಿಂದ ಶುರುಮಾಡಿ. ಗಾಜಿನ ವಾಲ್ವ್‌ಗಳ ಜಾಗಕ್ಕೆ ಬಂದ ಪುಟ್ಟ ಬಿಡಿಭಾಗ, ಟ್ರಾನ್ಸಿಸ್ಟರ್, ಹುಟ್ಟಿದ್ದು 1947ರ ಕೊನೆಯಲ್ಲಿ. ಹಾಗಾಗಿ ನಿಮ್ಮ ನಾಯಕನ ಕೈಗೆ ಕಟ್ಟಿದ ರೇಡಿಯೊ ತೆಳ್ಳಗಿರುವಂತಿಲ್ಲ: ಒಳಗೆ ಗಾಜಿನ ವಾಲ್ವ್‌ಗಳಿವೆ, ಕಾವು ಹೊರಹೋಗಲು ಸೀಳುಗಳು ಬೇಕು, ಮೇಲೆ ಮುಳ್ಳಿನ ಡಯಲ್. ಪರದೆ, ಎಲ್‌ಇಡಿ ಬೇಡ. ರಾಕೆಟ್‌ಗೆ ಜಲಾಂತರ್ಗಾಮಿ ಮತ್ತು ವಾಯುನೌಕೆಯ ಮೈ ಕೊಡಿ: ರಿವೆಟ್ ಸಾಲು, ದುಂಡು ಕಿಟಕಿ. ಜರ್ಮನಿಯ ಯುದ್ಧ ರಾಕೆಟ್ ವಿ-2 ಯಶಸ್ವಿಯಾಗಿ ಹಾರಿದ್ದು 1942ರಲ್ಲಿ; ಅದರ ನುಣುಪಾದ, ನಡು ತುಂಬಿದ ಆಕಾರ ಯುದ್ಧಾನಂತರದ ಕಾಮಿಕ್ಸ್‌ಗೆ ಸೇರಿದ್ದು. ಟಿನ್‌ಟಿನ್‌ನ ಕೆಂಪು-ಬಿಳಿ ಚೌಕುಳಿ ರಾಕೆಟ್ ಅದರ ಸಂತಾನವೇ. ಮೇಲ್ಮೈಗೆಲ್ಲ ಸಣ್ಣ ಸಣ್ಣ ಬಿಡಿಭಾಗ ಅಂಟಿಸುವ ಚಾಳಿಯನ್ನೂ ಬಿಡಿ. ಆ ಕಾಲದ ವೇಗಕ್ಕೆ ದುಂಡಗಿನ ಮೂಲೆ, ಅದರ ಮೇಲೆ ಮೂರು ಸಮಾನಾಂತರ ಗೆರೆ ಸಾಕು.

ಉಡುಪಿನಲ್ಲಿ ಎಚ್ಚರವಿರಲಿ. ಸೂಪರ್‌ಮ್ಯಾನ್‌ನ ಕೆಂಪು ಚಡ್ಡಿ ಸರ್ಕಸ್ ಪೈಲ್ವಾನರ ವೇಷದಿಂದ ಬಂದದ್ದು. 2011ರಲ್ಲಿ ಅದನ್ನು ತೆಗೆದರು, 2018ರಲ್ಲಿ ಮರಳಿ ತಂದರು. ಚಡ್ಡಿ ತೆಗೆದು ಆ ಜಾಗದಲ್ಲಿ ಬೇರೇನೂ ಇಡದಿದ್ದರೆ ಎದೆಯಿಂದ ಬೂಟಿನವರೆಗೆ ನೀಲಿ ಒಂದೇ ಮುದ್ದೆಯಾಗಿ, ದೂರದಿಂದ ಸೊಂಟ ಎಲ್ಲಿದೆಯೆಂದೇ ತಿಳಿಯುವುದಿಲ್ಲ. ನಿಮ್ಮ ವಿನ್ಯಾಸದಲ್ಲಿ ಚಡ್ಡಿ ಬೇಡವಾದರೆ ಕನಿಷ್ಠ ಅಗಲವಾದ ಬೆಲ್ಟ್ ಇಡಿ. ಆಕೃತಿಯನ್ನು ಪೂರ್ತಿ ಕಪ್ಪು ಮಾಡಿ, 2 ಇಂಚಿಗೆ ಕುಗ್ಗಿಸಿ ನೋಡಿ. ಯಾರೆಂದು ಗೊತ್ತಾಗದಿದ್ದರೆ ಬಣ್ಣ ಹಾಕಿ ಫಲವಿಲ್ಲ.

ಆಗಿನ ಕಲಾವಿದರು ಮುದ್ರಣದ ಸುಮಾರು ಎರಡರಷ್ಟು ಅಳತೆಯಲ್ಲಿ ಬಿಡಿಸುತ್ತಿದ್ದರು. ಮುದ್ರಣ 7×10 ಇಂಚಾದರೆ ನೀವು 14×20ರ ಬ್ರಿಸ್ಟಲ್ ಹಾಳೆ (ದಪ್ಪನೆಯ ಚಿತ್ರಕಾಗದ) ತೆಗೆದುಕೊಳ್ಳಿ. ದೊಡ್ಡ ಗೆರೆಗಳಿಗೆ 3ನೇ ನಂಬರಿನ ಸೇಬಲ್ ಬ್ರಷ್, ರಿವೆಟ್ ಮತ್ತು ಡಯಲ್‌ಗಳಿಗೆ ನಿಬ್, ಎರಡಕ್ಕೂ ಇಂಡಿಯನ್ ಇಂಕ್. ಅರ್ಧಕ್ಕೆ ಕುಗ್ಗಿಸಿದಾಗ ಕೂದಲೆಳೆಯಂಥ ಗೆರೆಗಳು ಮಾಯವಾಗುತ್ತವೆ, ಒತ್ತೊತ್ತಾದ ಗೆರೆಗಳು ಕೂಡಿಕೊಂಡು ಕಪ್ಪಾಗುತ್ತವೆ. ಆದ್ದರಿಂದ ನಡುನಡುವೆ ಕುಗ್ಗಿಸಿ ಪರೀಕ್ಷಿಸಿ. ಕೊನೆಯ ಗೆರೆಚಿತ್ರ ಮುದ್ರಣದ ಅಳತೆಯಲ್ಲಿ 600 ಡಿಪಿಐ (ಇಂಚಿಗೆ 600 ಪಿಕ್ಸೆಲ್) ಇರಲಿ.

ಪಾತ್ರದ ಗುಣವನ್ನು ನಿರ್ಧರಿಸುವುದು ಬಣ್ಣ. ಮುದ್ರಣದ ಮೂಲಬಣ್ಣಗಳಾದ ಸಯಾನ್ (ತಿಳಿನೀಲಿ), ಮಜೆಂಟಾ (ನೇರಳೆಗೆಂಪು), ಹಳದಿ ಪ್ರತಿಯೊಂದಕ್ಕೂ 0, 25, 50, 100 ಪ್ರತಿಶತ ಮಾತ್ರ ಬಳಸಿ. ಹಳೆಯ ಅಮೆರಿಕನ್ ಕಾಮಿಕ್ಸ್‌ನ 64 ಬಣ್ಣಗಳು ಹುಟ್ಟಿದ್ದು ಹೀಗೆಯೇ. ಬೂದುಬಣ್ಣದಿಂದ ದೂರವಿರಿ. 1962ರ ಮೊದಲ ಸಂಚಿಕೆಯಲ್ಲಿ ಹಲ್ಕ್ ಬೂದು ಬಣ್ಣದವನು. ಆ ಬೂದು ಪುಟದಿಂದ ಪುಟಕ್ಕೆ ಬದಲಾಗುತ್ತಿದ್ದರಿಂದ ಎರಡನೇ ಸಂಚಿಕೆಗೇ ಅವನನ್ನು ಹಸಿರು ಮಾಡಿದರು. ಕಪ್ಪು ಕೂದಲು, ಕಪ್ಪು ಮೇಲಂಗಿಗಳ ಮಡಿಕೆ ಕಾಣಿಸಲು ನೀಲಿ ಹೊಳಪು ಕೊಡಿ. ಆದರೆ ಕಪ್ಪು ಮುಖ್ಯವಾಗಿರಲಿ, ನೀಲಿ ಹೆಚ್ಚಿದಷ್ಟೂ ಮೇಲಂಗಿಯೇ ನೀಲಿಯಾಗಿ ಕಾಣುತ್ತದೆ.

ಹಳೆಯ ಮುದ್ರಣದಲ್ಲಿ ತಿಳಿಬಣ್ಣ ತೋರಿಸುತ್ತಿದ್ದ ಚುಕ್ಕಿಗಳನ್ನು ಕೊನೆಗೆ, ಅಂತಿಮ ಅಳತೆಯಲ್ಲೇ ಹಾಕಿ. ಇಂಚಿಗೆ 60ರಿಂದ 65 ಸಾಲು ಚುಕ್ಕಿ. ಸಾಲುಗಳ ಕೋನ ಸಯಾನ್‌ಗೆ 15, ಮಜೆಂಟಾಗೆ 75, ಹಳದಿಗೆ 0 ಡಿಗ್ರಿ. ಚುಕ್ಕಿ ಹಾಕಿದ ಮೇಲೆ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿದರೆ ಅಲೆಅಲೆಯಾದ ಮೊಯ್ರೆ ಎಂಬ ಬೇಡದ ವಿನ್ಯಾಸ ಏಳುತ್ತದೆ, ಅದನ್ನು ಸರಿಪಡಿಸಲು ಮತ್ತೆ ಬಣ್ಣದ ಪದರಕ್ಕೇ ಹೋಗಬೇಕು. ಕಪ್ಪು ಗೆರೆಗೆ ಚುಕ್ಕಿ ಬೇಡವೇ ಬೇಡ, ಅದು ಗಟ್ಟಿ ಕಪ್ಪಾಗಿಯೇ ಇರಬೇಕು. ಅಚ್ಚು ತಪ್ಪಿದಂತೆ ತೋರಿಸಬೇಕಿದ್ದರೆ ಮಜೆಂಟಾ ಒಂದನ್ನೇ 0.3 ಮಿಲಿಮೀಟರ್, ಅಂದರೆ 600 ಡಿಪಿಐನಲ್ಲಿ 7 ಪಿಕ್ಸೆಲ್, ಪಕ್ಕಕ್ಕೆ ಸರಿಸಿ. ಎಲ್ಲ ಬಣ್ಣಗಳನ್ನೂ ಬೇರೆಬೇರೆ ದಿಕ್ಕಿಗೆ ಎಳೆದರೆ ಮುಖವೇ ಕಲಸಿಹೋಗುತ್ತದೆ.

ಕಾಗದಕ್ಕೆ ಹಳದಿ ಬಳಿಯಬೇಡಿ, ಅಂಚು ಹರಿದಂತೆ ಮಾಡಬೇಡಿ. ನ್ಯೂಸ್‌ಪ್ರಿಂಟ್ ಹಳದಿಯಾಗುವುದು ಅದರಲ್ಲಿರುವ ಮರದ ಅಂಶ ಲಿಗ್ನಿನ್ ಗಾಳಿ-ಬೆಳಕಿಗೆ ವರ್ಷಗಟ್ಟಲೆ ತೆರೆದುಕೊಂಡ ಮೇಲೆ. 1939ರ ಓದುಗನ ಕೈಗೆ ಬಂದದ್ದು ಹೊಸ ಪುಟ. ಕೆಳಗಿನ ಪದರದಲ್ಲಿ ತುಸು ಬೂದು ಬೆರೆತ ಬಿಳಿ ಇಟ್ಟರೆ ಸಾಕು.