ಬಳ್ಳಾರಿ ಬಿಸಿಲಲ್ಲಿ ಡಿಎನ್‌ಎ ರಿಪೇರಿ: ಎಂಎಸ್ಸಿ ಪ್ರಾಜೆಕ್ಟಿಗೆ ಈಸ್ಟ್ ಮೇಲೊಂದು ಯುವಿ ಪ್ರಯೋಗ

ಡಿಎನ್‌ಎ ರಿಪೇರಿ ಎಂದ ಕೂಡಲೇ ಸೀಕ್ವೆನ್ಸರ್, ಕಾನ್‌ಫೋಕಲ್ ಮೈಕ್ರೋಸ್ಕೋಪು, ಕೋಟಿಗಟ್ಟಲೆ ರೂಪಾಯಿಯ ಲ್ಯಾಬು ಕಣ್ಣ ಮುಂದೆ ಬರುತ್ತವೆ. ಅವು ಯಾವುವೂ ಇಲ್ಲದ ಬಳ್ಳಾರಿ, ರಾಯಚೂರು, ಕೊಪ್ಪಳದ ಪಿಜಿ ವಿಭಾಗದಲ್ಲೂ ಗಟ್ಟಿಯಾಗಿ ಮಾಡಬಹುದಾದ ಪ್ರಯೋಗವೊಂದಿದೆ. ಈಸ್ಟ್ ಕೋಶಗಳಿಗೆ ಯುವಿ ಹೊಡೆದು, ಕತ್ತಲಲ್ಲಿಟ್ಟರೆ ಎಷ್ಟು ಬದುಕುತ್ತವೆ, ಬೆಳಕಲ್ಲಿಟ್ಟರೆ ಎಷ್ಟು ಎಂದು ಎಣಿಸುವುದು. ಮುಖ್ಯವಾಗಿ ಬೇಕಾಗುವುದು 254 ನ್ಯಾನೋಮೀಟರಿನ ಯುವಿ ಟ್ಯೂಬು, ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪಾತ್ರೆ), ತಣಿಸಲೂ ಬಲ್ಲ ಬಿಒಡಿ ಇನ್‌ಕ್ಯುಬೇಟರ್, ಮತ್ತು ಒಂದು ಕೆಂಪು ಜೀರೋ ಬಲ್ಬು. ಪ್ರಯೋಗ ಗೆಲ್ಲುವುದೂ ಸೋಲುವುದೂ ಆ ಬಲ್ಬಿನ ಮೇಲೇ.

ಯಾಕೆ ಎಂದರೆ, 254 ನ್ಯಾನೋಮೀಟರ್ ಯುವಿ ಬಿದ್ದಾಗ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ಎರಡು ಥೈಮಿನ್‌ಗಳು ಒಂದಕ್ಕೊಂದು ಅಂಟಿಕೊಂಡು ಡೈಮರ್ ಆಗುತ್ತವೆ. ಈಸ್ಟಿಗೆ ಇದನ್ನು ಸರಿಪಡಿಸಲು ಎರಡು ದಾರಿ. ಒಂದು, ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು ಹೊಸದಾಗಿ ತುಂಬುವ ಎಕ್ಸಿಷನ್ ರಿಪೇರಿ. ಇದಕ್ಕೆ ಬೆಳಕು ಬೇಡ. ಇನ್ನೊಂದು ಫೋಟೋಲೈಯೇಸ್ ಎಂಬ ಕಿಣ್ವ. ಅದು ಸುಮಾರು 350ರಿಂದ 450 ನ್ಯಾನೋಮೀಟರಿನ ಬೆಳಕನ್ನು ಹೀರಿ, ಆ ಶಕ್ತಿಯಿಂದಲೇ ಡೈಮರ್ ಅನ್ನು ಬಿಡಿಸಿಬಿಡುತ್ತದೆ. ಕೆಂಪು ಬೆಳಕು ಈ ವ್ಯಾಪ್ತಿಯ ಹೊರಗೆ, ಅದರಲ್ಲಿ ಈ ಕಿಣ್ವ ಕೆಲಸ ಮಾಡುವುದಿಲ್ಲ. (ಮನುಷ್ಯರಿಗೆ ಈ ಕಿಣ್ವ ಇಲ್ಲ. ವೈವಾದಲ್ಲಿ ಕೇಳಿಯೇ ಕೇಳುತ್ತಾರೆ.)

1949ರಲ್ಲಿ ಆಲ್ಬರ್ಟ್ ಕೆಲ್ನರ್ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಬೆಳಕಿನ ಈ ರಿಪೇರಿಯನ್ನು ಕಂಡುಹಿಡಿದದ್ದು ಬೇರೇನನ್ನೋ ಹುಡುಕುತ್ತಿದ್ದಾಗ. ಯುವಿ ತಿಂದ ಕೋಶಗಳ ಚೇತರಿಕೆಗೆ ಉಷ್ಣತೆ ಕಾರಣವೇ ಎಂದು ನೋಡುತ್ತಿದ್ದರು. ಫಲಿತಾಂಶ ಸಲಕ್ಕೊಂದು ಥರ ಬರುತ್ತಿತ್ತು. ಕೊನೆಗೆ ಸಿಕ್ಕ ಕಾರಣ ಕಿಟಕಿಯ ಬೆಳಕು. ಅಲ್ಲಿಯ ಕಿಟಕಿಯೇ ಅಷ್ಟು ಮಾಡಿತೆಂದರೆ, ಮಧ್ಯಾಹ್ನ ಹನ್ನೆರಡರ ಬಳ್ಳಾರಿ ಕಿಟಕಿ ಏನು ಮಾಡೀತು ಎಂದು ನೀವೇ ಲೆಕ್ಕ ಹಾಕಿ.

ಮೊದಲು ಕೋಣೆ

ಕೆಲಸಕ್ಕೆ ರಾತ್ರಿಯೇ ಸೂಕ್ತ, ಆದರೆ ಹಾಸ್ಟೆಲ್ ಗೇಟು ಯಾರಿಗೂ ಕಾಯುವುದಿಲ್ಲ. ಹಗಲಲ್ಲೇ ಮಾಡಬೇಕಾದರೆ ಕಿಟಕಿ ಗಾಜಿಗೆ ಕಪ್ಪು ಚಾರ್ಟ್ ಪೇಪರನ್ನು ಎರಡು ಪದರ ಅಂಟಿಸಿ. ಒಂದೇ ಪದರ ಹಾಕಿ, ದೀಪ ಆರಿಸಿ, ಐದು ನಿಮಿಷ ಕಣ್ಣು ಹೊಂದಿಕೊಳ್ಳಲು ಬಿಟ್ಟು ನೋಡಿ: ಬಿಸಿಲು ಜರಡಿ ಹಿಡಿದಂತೆ ಸಣ್ಣ ಸಣ್ಣ ಚುಕ್ಕೆಯಾಗಿ ಒಳಗೆ ಬರುತ್ತಿರುತ್ತದೆ. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ತುರುಕಿ. ಟ್ಯೂಬ್‌ಲೈಟ್ ಆರಿಸಿ ಕೆಂಪು ಜೀರೋ ಬಲ್ಬು ಹಾಕಿ. ಬಿಳಿ ಎಲ್‌ಇಡಿ ಬೇಡವೇ ಬೇಡ, ಅದರ ಒಳಗಿರುವುದು 450ರ ಆಸುಪಾಸಿನ ನೀಲಿ ಬೆಳಕು. ಮೊಬೈಲ್ ಟಾರ್ಚೂ ಅದೇ. ಪ್ಲೇಟಿನ ಮೇಲೆ ಬರೆದ ನಂಬರ್ ಓದಲು ಟಾರ್ಚ್ ಹಾಕಿದಿರೋ, ಕತ್ತಲಿನ ಪ್ಲೇಟು ಬೆಳಕಿನ ಪ್ಲೇಟಾಯಿತು.

ಈಸ್ಟ್ ಮತ್ತು ಮೀಡಿಯಾ

ಬೇಕರಿ ಸಾಮಾನಿನ ಅಂಗಡಿಯ ಒಣ ಈಸ್ಟಿನಿಂದಲೂ ಪ್ರಯೋಗ ನಡೆಯುತ್ತದೆ. ಎರಡು ಸಲ ಸ್ಟ್ರೀಕ್ ಮಾಡಿ (ಪ್ಲೇಟಿನ ಮೇಲೆ ಗೆರೆಯಾಗಿ ಹರಡಿ) ಒಂಟಿ ಕಾಲೊನಿ, ಅಂದರೆ ಒಂದೇ ಕೋಶದಿಂದ ಬೆಳೆದ ಗುಂಪು, ತೆಗೆದುಕೊಳ್ಳಿ, ಯಾಕೆಂದರೆ ಪೊಟ್ಟಣದಲ್ಲಿ ಬ್ಯಾಕ್ಟೀರಿಯಾವೂ ಇರುತ್ತದೆ. ಆದರೆ ಅದು ಯಾವ ತಳಿ ಎಂದು ಬರೆಯಲು ನಿಮ್ಮ ಬಳಿ ಉತ್ತರವಿರುವುದಿಲ್ಲ. ಚಂಡೀಗಢದ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಸಂಗ್ರಹದಿಂದ ಹೆಸರಿರುವ ಸ್ಯಾಕರೋಮೈಸಿಸ್ ತಳಿ ತರಿಸುವುದೇ ಮೇಲು.

ಈಸ್ಟ್ ಬೆಳೆಸುವ ಗಟ್ಟಿ ಮೀಡಿಯಾ ವೈಪಿಡಿ ಅಗಾರ್, ಒಂದು ಲೀಟರಿಗೆ: ಈಸ್ಟ್ ಎಕ್ಸ್‌ಟ್ರಾಕ್ಟ್ 10 ಗ್ರಾಂ, ಪೆಪ್ಟೋನ್ 20 ಗ್ರಾಂ, ಡೆಕ್ಸ್‌ಟ್ರೋಸ್ 20 ಗ್ರಾಂ, ಅಗಾರ್ 20 ಗ್ರಾಂ. ಡಿಸ್ಟಿಲ್ಡ್ ವಾಟರೇ ಬೇಕು. ನಮ್ಮ ಕಡೆಯ ಬೋರ್‌ವೆಲ್ ಗಡಸು ನೀರು ಬೇಡ. ಆಟೋಕ್ಲೇವ್‌ನಲ್ಲಿ 121 ಡಿಗ್ರಿ, 15 ಪೌಂಡ್ ಒತ್ತಡ, 15ರಿಂದ 20 ನಿಮಿಷ. ಸುಮಾರು 50 ಡಿಗ್ರಿಗೆ ಇಳಿದ ಮೇಲೆ ಪ್ಲೇಟಿಗೆ 20 ಎಂಎಲ್ ಸುರಿಯಿರಿ. ಯುವಿಯ ಆರು ಡೋಸ್, ಕತ್ತಲು-ಬೆಳಕು ಎರಡು, ತಲಾ ಮೂರು ಪ್ಲೇಟು: ಒಂದು ಸಲಕ್ಕೆ 36. ಒಡೆಯುವುದು, ಬೂಸ್ಟು ಹಿಡಿಯುವುದು ಎಲ್ಲ ಸೇರಿ 50 ಪ್ಲೇಟು, ಅಂದರೆ ಒಂದು ಲೀಟರ್. ಮೂರು ಸಲಕ್ಕೆ ಮೂರು ಲೀಟರ್, 60 ಗ್ರಾಂ ಅಗಾರ್. ಸುರಿದ ಪ್ಲೇಟುಗಳನ್ನು ಒಂದು ದಿನ ಒಣಗಲು ಬಿಡಿ. ಮೇಲೆ ನೀರ ಹನಿ ಉಳಿದರೆ ಕೋಶಗಳು ತೇಲಿ ಒಂದೆಡೆ ಗುಂಪಾಗುತ್ತವೆ.

ಏಪ್ರಿಲ್, ಮೇನಲ್ಲಿ ಸಾದಾ ಇನ್‌ಕ್ಯುಬೇಟರ್ ನಂಬಬೇಡಿ. ಅದು ಕಾಯಿಸಬಲ್ಲದು, ತಣಿಸಲಾರದು. ಕೋಣೆಯೇ 38 ಡಿಗ್ರಿ ಇದ್ದರೆ ಡಯಲ್ಲಿನಲ್ಲಿ 30 ಇಟ್ಟು ಏನು ಬಂತು? ತಣಿಸುವ ಬಿಒಡಿಯೇ ಬೇಕು.

ಕೋಶ ಎಣಿಕೆ, ನಂತರ ಯುವಿ

5 ಎಂಎಲ್ ವೈಪಿಡಿ ದ್ರವದಲ್ಲಿ ಒಂದು ಕಾಲೊನಿ ಹಾಕಿ, 30 ಡಿಗ್ರಿಯಲ್ಲಿ ರಾತ್ರಿಯಿಡೀ ಅಲುಗಾಡಿಸಿ ಬೆಳೆಸಿ. ಸೆಂಟ್ರಿಫ್ಯೂಜ್ ಮಾಡಿ, ಸ್ಟೆರೈಲ್ ನೀರಲ್ಲಿ ಎರಡು ಸಲ ತೊಳೆಯಿರಿ. ತೊಳೆಯದಿದ್ದರೆ ಮೀಡಿಯಾವೇ ಯುವಿ ಕುಡಿದುಬಿಡುತ್ತದೆ. ಚೆನ್ನಾಗಿ ವೋರ್ಟೆಕ್ಸ್ ಮಾಡಿ 1:100 ದುರ್ಬಲಗೊಳಿಸಿ ನ್ಯೂಬಾವರ್ ಚೇಂಬರಿನಲ್ಲಿ (ಚೌಕ ಗೆರೆಗಳಿರುವ ಎಣಿಕೆಯ ಗಾಜಿನಲ್ಲಿ) ಎಣಿಸಿ. ನಡುವಿನ 25 ಚೌಕಗಳಲ್ಲಿ ಒಟ್ಟು 240 ಸಿಕ್ಕರೆ, 240 × 10,000 (ಚೇಂಬರಿನ ಗುಣಕ) × 100 (ದುರ್ಬಲಗೊಳಿಸಿದ್ದಕ್ಕೆ), ಅಂದರೆ ಎಂಎಲ್‌ಗೆ 24 ಕೋಟಿ ಕೋಶ. ಇದರಿಂದ ಎಂಎಲ್‌ಗೆ 2 ಲಕ್ಷ, 20 ಸಾವಿರ, 2 ಸಾವಿರದ ಮೂರು ಟ್ಯೂಬು ಮಾಡಿಕೊಳ್ಳಿ. 100 ಮೈಕ್ರೋಲೀಟರನ್ನು ಅಗಾರ್ ಮೇಲೆ ಹಚ್ಚಿದರೆ ಪ್ಲೇಟಿಗೆ ಕ್ರಮವಾಗಿ 20 ಸಾವಿರ, 2 ಸಾವಿರ, 200. ಯುವಿ ಇಲ್ಲದ್ದಕ್ಕೆ 200, ಡೋಸ್ ಏರಿದಂತೆ ಹೆಚ್ಚಿನವು. ಗುರಿ, ಪ್ಲೇಟಿಗೆ 30ರಿಂದ 300 ಕಾಲೊನಿ.

ಯುವಿ ಟ್ಯೂಬನ್ನು 15 ನಿಮಿಷ ಮೊದಲೇ ಹಚ್ಚಿಡಿ, ಶುರುವಿನಲ್ಲಿ ಅದರ ಬಲ ಸ್ಥಿರವಿರುವುದಿಲ್ಲ. ವೋಲ್ಟೇಜ್ ಏರಿಳಿದರೆ ಡೋಸೂ ಏರಿಳಿಯುತ್ತದೆ; ಸ್ಟೆಬಿಲೈಸರ್ ಹಾಕಿ. ಟ್ಯೂಬಿನ ಕೆಳಗೆ ಒಂದೇ ಜಾಗಕ್ಕೆ ಟೇಪಿನಿಂದ ಗುರುತು ಮಾಡಿ ಎಲ್ಲ ಪ್ಲೇಟನ್ನೂ ಅಲ್ಲೇ ಇಡಿ. ನಡುವಿಗೂ ಅಂಚಿಗೂ ಬೀಳುವ ಯುವಿ ಒಂದೇ ಅಲ್ಲ. ಪ್ಲೇಟಿನ ಮುಚ್ಚಳ ತೆಗೆಯಲೇಬೇಕು: ಗಾಜೂ ಪ್ಲಾಸ್ಟಿಕ್ಕೂ 254 ಅನ್ನು ತಡೆಯುತ್ತವೆ. ಟ್ಯೂಬನ್ನು ಆರಿಸಿ ಹಚ್ಚುವ ಬದಲು ಪ್ಲೇಟಿನ ಮೇಲೆ ರಟ್ಟು ಹಿಡಿದಿರಿ, ಸ್ಟಾಪ್‌ವಾಚ್ ಒತ್ತಿ ರಟ್ಟು ಎಳೆಯಿರಿ, ಸಮಯವಾದಾಗ ಮತ್ತೆ ಮುಚ್ಚಿ. ಗ್ಲೌಸ್, ತುಂಬುತೋಳು, ಮುಖ ಮುಚ್ಚುವ ಪಾಲಿಕಾರ್ಬೊನೇಟ್ ಶೀಲ್ಡ್ ಇಲ್ಲದೆ ಕೈ ಹಾಕಬೇಡಿ. ಸಾದಾ ಕನ್ನಡಕದ ಪಕ್ಕದಿಂದ ಯುವಿ ನುಗ್ಗುತ್ತದೆ. ಆಗ ಏನೂ ಗೊತ್ತಾಗುವುದಿಲ್ಲ, ಕೆಲವು ಗಂಟೆಗಳ ನಂತರ ಕಣ್ಣಲ್ಲಿ ಮರಳು ಬಿದ್ದ ಹಾಗೆ ಉರಿ ಶುರು.

ಯುವಿ ಮೀಟರ್ ಇದ್ದರೆ ಡೋಸನ್ನು ಜೂಲ್‌ನಲ್ಲಿ ಹೇಳಿ: ಚದರ ಸೆಂಟಿಮೀಟರಿಗೆ 100 ಮೈಕ್ರೋವ್ಯಾಟ್ ಎಂದರೆ ಚದರ ಮೀಟರಿಗೆ 1 ವ್ಯಾಟ್, 60 ಸೆಕೆಂಡಿಗೆ 60 ಜೂಲ್. ಮೀಟರ್ ಇಲ್ಲದಿದ್ದರೆ ಸೆಕೆಂಡು ಮತ್ತು ದೂರ ಬರೆದರೆ ಸಾಕು, ಸುಳ್ಳು ಜೂಲ್ ಬೇಡ. ಮೊದಲು 0, 10, 20, 40, 60, 90 ಸೆಕೆಂಡಿನಲ್ಲಿ ಒಂದು ಪರೀಕ್ಷಾ ಓಟ ಮಾಡಿ ನಿಮ್ಮ ಟ್ಯೂಬಿನ ವ್ಯಾಪ್ತಿ ಹುಡುಕಿಕೊಳ್ಳಿ.

ಕೂಡಲೇ ಅರ್ಧ ಪ್ಲೇಟುಗಳನ್ನು ಮುಚ್ಚಳ ಹಾಕಿ ಅಲ್ಯೂಮಿನಿಯಂ ಫಾಯಿಲಿನಲ್ಲಿ ಸುತ್ತಿ. ಉಳಿದವನ್ನು ಮುಚ್ಚಳ ಸಮೇತ ಬಿಳಿ ಟ್ಯೂಬ್‌ಲೈಟ್ ಕೆಳಗೆ 10–15 ಸೆಂಟಿಮೀಟರ್ ದೂರದಲ್ಲಿ ಒಂದು ಗಂಟೆ ಇಡಿ. ಬಿಸಿ ತಾಗದಂತೆ ನಡುವೆ ನೀರು ತುಂಬಿದ ಗಾಜಿನ ಟ್ರೇ ಇರಲಿ. ನಂತರ ಎಲ್ಲವನ್ನೂ ಫಾಯಿಲ್ ಸುತ್ತಿ 30 ಡಿಗ್ರಿಗೆ. "ಬಿಸಿಲು ಪುಕ್ಕಟೆ ಇದೆಯಲ್ಲ" ಎಂದು ಟೆರೇಸಿಗೆ ಒಯ್ಯಬೇಡಿ. ಅಲ್ಲಿ ಪ್ಲೇಟು ಕಾದು ಕೋಶ ಸಾಯುತ್ತವೆ. ಯುವಿ ತಾಗದೆ ಬೆಳಕು ಮಾತ್ರ ಕಂಡ ಪ್ಲೇಟನ್ನು ಇಡುವುದು ಇದಕ್ಕೇ: ಅದರಲ್ಲೂ ಕಾಲೊನಿ ಕಡಿಮೆಯಾದರೆ ತಪ್ಪು ನಿಮ್ಮ ದೀಪದ್ದು.

ಎಣಿಸುವುದು ಮೂರನೇ ದಿನ. ಯುವಿ ತಿಂದು ಬದುಕಿದವು ನಿಧಾನಕ್ಕೆ ಬೆಳೆಯುತ್ತವೆ. ಲೆಕ್ಕಕ್ಕೊಂದು ಉದಾಹರಣೆ: ಯುವಿ ಇಲ್ಲದೆ 200 ಹಚ್ಚಿ 180 ಬಂದರೆ 90 ಶೇಕಡ. 60 ಸೆಕೆಂಡಿನ ಕತ್ತಲ ಪ್ಲೇಟಿಗೆ 2,000 ಹಚ್ಚಿ 126 ಬಂದರೆ 6.3, ಅದನ್ನು 90ರಿಂದ ಭಾಗಿಸಿದರೆ ಉಳಿವು 7 ಶೇಕಡ. ಬೆಳಕಿನ ಪ್ಲೇಟಿಗೆ 1,000 (20 ಸಾವಿರದ ಟ್ಯೂಬಿನಿಂದ 50 ಮೈಕ್ರೋಲೀಟರ್) ಹಚ್ಚಿ 270 ಬಂದರೆ 27, ಅದನ್ನೂ 90ರಿಂದ ಭಾಗಿಸಿದರೆ 30 ಶೇಕಡ. ಗ್ರಾಫಿನ ಉಳಿವಿನ ಅಕ್ಷ ಲಾಗ್‌ನಲ್ಲಿರಲಿ. ಕತ್ತಲು-ಬೆಳಕಿಗೆ ವ್ಯತ್ಯಾಸವೇ ಕಾಣದಿದ್ದರೆ, ಹತ್ತರಲ್ಲಿ ಒಂಬತ್ತು ಸಲ ಕತ್ತಲೇ ಕತ್ತಲಾಗಿರಲಿಲ್ಲ ಎಂದರ್ಥ.

ಪ್ರಯೋಗದ ಹೊರಗಿನ ಪ್ರಯೋಗ

ಒಂದೇ ದಿನ, ಒಂದೇ ಕಲ್ಚರಿನ ಮೂರು ಪ್ಲೇಟು ಮೂರು ಪುನರಾವರ್ತನೆ ಅಲ್ಲ. ಬೇರೆ ಬೇರೆ ದಿನ, ಬೇರೆ ಕಾಲೊನಿಯಿಂದ ಶುರು ಮಾಡಿದ ಮೂರು ಓಟ ಬೇಕು. ಪರೀಕ್ಷಾ ಓಟ, ಕೆಡುವ ಓಟ ಸೇರಿಸಿ ಎಂಟು ವಾರ ಹಿಡಿಯಿರಿ. ಕೊಟೇಶನ್, ಸಹಿ, ಖರೀದಿ ಮುಗಿದು ಅಗಾರ್ ಬರುವುದಕ್ಕೆ ಇನ್ನೂ ಎಂಟು ವಾರ ಹಿಡಿದರೂ ಆಶ್ಚರ್ಯವಿಲ್ಲ. ಮಾರ್ಚ್ 31ರ ಹಿಂದೆಮುಂದೆ ಅದೂ ನಡೆಯದು. ಆದ್ದರಿಂದ ಮೂರನೇ ಸೆಮಿಸ್ಟರಿನಲ್ಲೇ ಪಟ್ಟಿ ಕೊಡಿ. ಕರೆಂಟ್ ಹೋದ ಸಮಯ, ಕೋಣೆಯ ಉಷ್ಣತೆ, ಕೆಟ್ಟ ಪ್ಲೇಟು ಎಲ್ಲ ನೋಟ್‌ಬುಕ್ಕಿನಲ್ಲಿ ಅದೇ ದಿನ, ಪೆನ್ನಿನಲ್ಲಿ.

ಪ್ರಕಟಣೆಗೆ ಅವಸರ ಬೇಡ. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್‌ಗಳು ಹೇರಳ. ಅಂಥ ಪೇಪರು ಮುಂದೆ ಸಂದರ್ಶನದಲ್ಲಿ ನಿಮಗೇ ಕುತ್ತು. ಆ ಹೊತ್ತನ್ನು ಸಂಶೋಧನಾ ಫೆಲೋಶಿಪ್ಪಿನ ಪರೀಕ್ಷೆಯಾದ ಸಿಎಸ್‌ಐಆರ್ ನೆಟ್‌ಗೆ ಇಡಿ, ಲೈಫ್ ಸೈನ್ಸಸ್ ಪಠ್ಯದ ಮೂರನೇ ಯೂನಿಟ್ಟಿನಲ್ಲಿ ರಿಪೇರಿ ಇದೆ. ಜೆಆರ್‌ಎಫ್ (ಆ ಫೆಲೋಶಿಪ್) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000, ಎಚ್‌ಆರ್‌ಎ ಬೇರೆ. ಹಣ ತಡವಾಗಿ ಬರುವುದುಂಟು, ಮೂರು ತಿಂಗಳ ಖರ್ಚು ಕೈಯಲ್ಲಿರಲಿ.

ಫೋಟೋಲೈಯೇಸ್ ಜೀನನ್ನು ಕ್ಲೋನ್ ಮಾಡಿ ಪಿಎಚ್‌ಡಿ ಪಡೆದ ಅಜೀಜ್ ಸಂಜಾರ್‌ಗೆ ಪೋಸ್ಟ್‌ಡಾಕ್ ಕೇಳಿದ ಕಡೆಯೆಲ್ಲ ಇಲ್ಲ ಎನ್ನಿಸಿಕೊಂಡು ಯೇಲ್‌ನಲ್ಲಿ ಟೆಕ್ನಿಷಿಯನ್ ಕೆಲಸಕ್ಕೆ ಸೇರಬೇಕಾಯಿತು. 2015ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ಎಲ್ಲರಿಗೂ ಹಾಗಾಗುವುದಿಲ್ಲ, ಆದರೆ ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆಯನ್ನು ಕೀಳೆಂದು ಬಿಡಬೇಡಿ. ಲ್ಯಾಬ್‌ಗಳಿಗೆ ಮೇಲ್ ಬರೆಯುವಾಗ "ರೆಸ್ಪೆಕ್ಟೆಡ್ ಸರ್, ನನಗೆ ತುಂಬಾ ಆಸಕ್ತಿ" ಎಂಬ ಒಂದೇ ಪತ್ರವನ್ನು ಐವತ್ತು ಜನಕ್ಕೆ ಹೊಡೆಯಬೇಡಿ. ಅವರ ಒಂದು ಪೇಪರ್ ಓದಿ ಎರಡು ಸಾಲು, ನಿಮ್ಮ ಉಳಿವಿನ ಗ್ರಾಫು, ಕತ್ತಲ ಕೋಣೆ ಹೇಗೆ ಮಾಡಿದಿರಿ ಎಂಬ ಮೂರು ಸಾಲು, ಅಷ್ಟು ಸಾಕು. ಎರಡು ವಾರ ಉತ್ತರವಿಲ್ಲದಿದ್ದರೆ ಒಮ್ಮೆ ನೆನಪಿಸಿ. ಆಮೇಲೂ ಇಲ್ಲದಿದ್ದರೆ ಮುಂದಿನ ಲ್ಯಾಬು ನೋಡಿ.